ಎರ್ನ್‌ಸ್ಟ್ ಈಸಿಂಗ್: ಹೆಸರು ಉಳಿದ ಶಾಲಾ ಅಧ್ಯಾಪಕ



ಪ್ರಯಾಣದಲ್ಲಿ ಕಿಬ್ಲಾದ ದಿಕ್ಕು ತಿಳಿಯಲೆಂದು ಹಿರಿಯರು ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ದಿಕ್ಸೂಚಿಯನ್ನು ನೀವು ನೋಡಿರಬಹುದು. ಎತ್ತ ತಿರುಗಿಸಿದರೂ ಅದರ ಮುಳ್ಳು ಉತ್ತರಕ್ಕೇ ಬಂದು ನಿಲ್ಲುತ್ತದೆ. ಮುಳ್ಳು ಅಯಸ್ಕಾಂತದ್ದು ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಒಂದು ಕ್ಷಣ ಯೋಚಿಸಿ. ಆ ಮುಳ್ಳಿನೊಳಗೆ ಎಣಿಸಲಾಗದಷ್ಟು ಪರಮಾಣುಗಳಿವೆ. ಒಂದೊಂದು ಪರಮಾಣುವೂ ಒಂದೊಂದು ಪುಟ್ಟ ಅಯಸ್ಕಾಂತ. ಅವೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಾಗ ಮಾತ್ರ ಮುಳ್ಳಿಗೆ ಕಾಂತಶಕ್ತಿ ಬರುತ್ತದೆ. ಹಾಗೆ ನಿಲ್ಲಿರೆಂದು ಅವುಗಳಿಗೆ ಆಜ್ಞೆ ಕೊಟ್ಟವರು ಯಾರು? ಒಳಗೆ ನಾಯಕನಿಲ್ಲ, ಡ್ರಿಲ್ ಮಾಸ್ತರನಿಲ್ಲ. ಪ್ರತಿಯೊಂದು ಪರಮಾಣುವಿಗೂ ಮುಖ್ಯವಾಗಿ ತಿಳಿಯುವುದು ತನ್ನ ಅಕ್ಕಪಕ್ಕದ್ದರ ಸ್ಥಿತಿ ಮಾತ್ರ. ಬರೀ ನೆರೆಹೊರೆಯ ಪ್ರಭಾವದಿಂದ ಇಡೀ ಸಮುದಾಯವೇ ಒಂದು ದಿಕ್ಕಿಗೆ ತಿರುಗುವುದು ಹೇಗೆ?

ಸುಮಾರು ನೂರು ವರ್ಷಗಳ ಹಿಂದೆ ಜರ್ಮನಿಯ ಒಬ್ಬ ಯುವಕ ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ. ಅವನಿಗೆ ಸಿಕ್ಕ ಉತ್ತರದ ಅರ್ಧ ಭಾಗ ಸರಿ, ಅರ್ಧ ಭಾಗ ತಪ್ಪು. ಅಲ್ಲಿಗೆ ಆತ ಸಂಶೋಧನೆಯನ್ನೇ ಬಿಟ್ಟು ಶಾಲಾ ಅಧ್ಯಾಪಕನಾದ. ಕೆಲಸ ಕಳೆದುಕೊಂಡ, ದೇಶ ಕಳೆದುಕೊಂಡ, ಕುರಿ ಕಾಯ್ದ, ರೈಲು ಹಳಿ ಕಿತ್ತ. ಅತ್ತ, ಅವನಿಗೆ ತಿಳಿಯದಂತೆಯೇ, ಅವನ ಹೆಸರು ಭೌತಶಾಸ್ತ್ರದ ಪುಸ್ತಕಗಳಲ್ಲಿ ಬೇರೂರುತ್ತಿತ್ತು. ಅವರೇ ಎರ್ನ್‌ಸ್ಟ್ ಈಸಿಂಗ್. ನಮ್ಮ ಕಾಲೇಜುಗಳಲ್ಲಿ ಈ ಹೆಸರನ್ನು ಐಸಿಂಗ್ ಎಂದು ಉಚ್ಚರಿಸುವುದೂ ಉಂಟು. ಅವರ ಜೀವನವನ್ನೂ, ಅವರು ಕೈಗೆತ್ತಿಕೊಂಡ ಪ್ರಶ್ನೆ ಇಂದು ಎಲ್ಲಿಗೆ ತಲುಪಿದೆ ಎಂಬುದನ್ನೂ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಎರ್ನ್‌ಸ್ಟ್ ಈಸಿಂಗ್ ಅವರು 1900ರ ಮೇ 10ರಂದು ಜರ್ಮನಿಯ ಕಲೋನ್ ನಗರದಲ್ಲಿ ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ತಂದೆ ವ್ಯಾಪಾರಿ. ಬಾಲ್ಯ ಕಳೆದದ್ದು ಬೋಖುಮ್ ಎಂಬ ಕೈಗಾರಿಕಾ ಪಟ್ಟಣದಲ್ಲಿ. ಮೊದಲ ಮಹಾಯುದ್ಧ ಮುಗಿಯುವ ವರ್ಷ ಶಾಲಾ ಶಿಕ್ಷಣ ಪೂರೈಸಿದ ಅವರು 1919ರಲ್ಲಿ ಗೋಟಿಂಗನ್ ವಿಶ್ವವಿದ್ಯಾಲಯ ಸೇರಿ ಗಣಿತ ಮತ್ತು ಭೌತಶಾಸ್ತ್ರ ಓದಿದರು. ಆಮೇಲೆ ಬಾನ್, ಅಲ್ಲಿಂದ ಹ್ಯಾಂಬರ್ಗ್. ಆಗಿನ ಜರ್ಮನಿಯಲ್ಲಿ ವಿದ್ಯಾರ್ಥಿಗಳು ಒಳ್ಳೆಯ ಗುರುವನ್ನು ಅರಸಿ ಹೀಗೆ ಊರಿಂದೂರಿಗೆ ಹೋಗುವುದು ರೂಢಿಯಾಗಿತ್ತು.

ಹ್ಯಾಂಬರ್ಗ್‌ನಲ್ಲಿ ಅವರಿಗೆ ದೊರೆತ ಗುರು ವಿಲ್‌ಹೆಲ್ಮ್ ಲೆನ್ಜ್. ಅಯಸ್ಕಾಂತದ ಒಳಗುಟ್ಟಿನ ಬಗ್ಗೆ ಲೆನ್ಜ್ ಅವರು 1920ರಲ್ಲೇ ಒಂದು ಕಿರು ಲೇಖನ ಬರೆದಿದ್ದರು. ಅದರಲ್ಲಿದ್ದ ಊಹೆ ನಿಜವೋ ಅಲ್ಲವೋ ಎಂದು ಲೆಕ್ಕ ಹಾಕಿ ನೋಡುವ ಹೊಣೆಯನ್ನು ಶಿಷ್ಯನಿಗೆ ವಹಿಸಿದರು. ಈಸಿಂಗ್ ಅವರ ಡಾಕ್ಟರೇಟ್ ಪದವಿಯ ವಿಷಯ ಇದೇ ಆಯಿತು.

ಗುರು ಕೊಟ್ಟ ಲೆಕ್ಕ

ಲೆಕ್ಕ ಕೇಳಲು ಬಹಳ ಸರಳ. ಪ್ರತಿಯೊಂದು ಪರಮಾಣುವೂ ಒಂದು ಬಾಣ ಎಂದುಕೊಳ್ಳಿ. ಅದು ಮೇಲಕ್ಕಾದರೂ ನೋಡಬೇಕು, ಕೆಳಕ್ಕಾದರೂ ನೋಡಬೇಕು. ಮೂರನೆಯ ದಾರಿ ಇಲ್ಲ. ಪಕ್ಕದ ಬಾಣ ನೋಡುವ ಕಡೆಗೇ ನೋಡಿದರೆ ಅದಕ್ಕೆ ನೆಮ್ಮದಿ, ಅಂದರೆ ಕಡಿಮೆ ಶಕ್ತಿ ಸಾಕು. ವಿರುದ್ಧ ದಿಕ್ಕಿಗೆ ನೋಡಿದರೆ ಶಕ್ತಿ ಹೆಚ್ಚು ಬೇಕು. ಇದಿಷ್ಟೇ ನಿಯಮ.

ಇದಕ್ಕೆ ಎದುರಾಳಿ ಶಾಖ. ಬಿಸಿ ಹೆಚ್ಚಿದಷ್ಟೂ ಪರಮಾಣುಗಳು ಅಡ್ಡಾದಿಡ್ಡಿ ತಿರುಗುತ್ತವೆ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ಅದು ತಾನಾಗಿ ಅಯಸ್ಕಾಂತವಾಗಿ ಉಳಿಯುವ ಗುಣವನ್ನು ಕಳೆದುಕೊಳ್ಳುತ್ತದೆ. ಹಾಗಾದರೆ ನೆರೆಯವರನ್ನು ನೋಡಿ ನಡೆಯುವ ಈ ಸರಳ ನಿಯಮವೊಂದರಿಂದಲೇ, ಬಿಸಿ ಕಡಿಮೆಯಾದಾಗ ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ ತಿರುಗಿ ಅಯಸ್ಕಾಂತ ಹುಟ್ಟಬಲ್ಲದೇ? ಇದೇ ಪ್ರಶ್ನೆ.

ಈಸಿಂಗ್ ಅವರು ಬಾಣಗಳನ್ನು ಒಂದೇ ಸಾಲಿನಲ್ಲಿ, ಮಣಿಸರದಂತೆ ಜೋಡಿಸಿ ಲೆಕ್ಕ ಮಾಡಿದರು. ಲೆಕ್ಕ ಅಂದವಾಗಿ ಬಿಡಿಸಿಕೊಂಡಿತು, ಆದರೆ ಉತ್ತರ ನಿರಾಶೆ ತಂದಿತು. ಸಾಲಿನಲ್ಲಿ ನಿಂತ ಬಾಣಗಳು ಎಷ್ಟೇ ಕಡಿಮೆ ಬಿಸಿಯಲ್ಲೂ ಒಟ್ಟಾಗಿ ಒಂದು ದಿಕ್ಕಿಗೆ ನಿಲ್ಲುವುದಿಲ್ಲ. ಶಾಖ ಲವಲೇಶ ಉಳಿದಿದ್ದರೂ ಸಾಕು, ಸಾಲು ಕೆಡುತ್ತದೆ.

ಇದು ಏಕೆಂದು ನಿಮ್ಮ ಶಾಲೆಯ ಪ್ರಾರ್ಥನಾ ಸಾಲನ್ನೇ ನೆನೆದು ತಿಳಿಯಬಹುದು. ನೂರು ಮಕ್ಕಳು ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ. ಎಲ್ಲರೂ ತಮ್ಮ ಮುಂದಿನವರನ್ನು ನೋಡಿ ಬಲಗೈ ಎತ್ತಬೇಕು. ನಲವತ್ತನೆಯ ಹುಡುಗ ಮೈಮರೆತು ಎಡಗೈ ಎತ್ತಿದ. ನಲವತ್ತೊಂದನೆಯವ ಅವನನ್ನು ನೋಡಿ ಎಡಗೈ ಎತ್ತುತ್ತಾನೆ. ಅಲ್ಲಿಂದ ಹಿಂದಿನವರೆಲ್ಲ ಎಡಗೈಯವರೇ! ಅವರಲ್ಲಿ ಯಾರೂ ನಿಯಮ ಮುರಿದಿಲ್ಲ. ತಪ್ಪಿದ್ದು ಒಂದೇ ಕೊಂಡಿ, ಆದರೆ ಅರವತ್ತು ಮಕ್ಕಳ ದಿಕ್ಕು ಬದಲಾಯಿತು. ಸಾಲು ಉದ್ದವಾದಷ್ಟೂ ಎಲ್ಲೋ ಒಂದು ಕಡೆ ಇಂತಹ ತಪ್ಪು ಆಗಿಯೇ ಆಗುತ್ತದೆ.

ಈಸಿಂಗ್ ಅವರ ಈ ಲೆಕ್ಕ ನೂರಕ್ಕೆ ನೂರು ಸರಿ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸಾಲಿನಲ್ಲಿ ಆಗದ್ದು ಉದ್ದ, ಅಗಲ, ಎತ್ತರವಿರುವ ನಿಜವಾದ ಹರಳಿನಲ್ಲೂ ಆಗದು ಎಂದು ತೀರ್ಮಾನಿಸಿದರು. ಅದು ತಪ್ಪಾಗಿತ್ತು. 1924ರಲ್ಲಿ ಪ್ರಬಂಧ ಮುಗಿಯಿತು. 1925ರಲ್ಲಿ ಅದರ ಸಾರಾಂಶ ಜರ್ಮನಿಯ ಒಂದು ಭೌತಶಾಸ್ತ್ರ ಪತ್ರಿಕೆಯಲ್ಲಿ ಐದಾರು ಪುಟಗಳಲ್ಲಿ ಪ್ರಕಟವಾಯಿತು. ಅದನ್ನು ಗಮನಿಸಿದವರು ಬಹಳ ಕಡಿಮೆ. 1928ರಲ್ಲಿ ವೆರ್ನರ್ ಹೈಸನ್‌ಬರ್ಗ್ ಅವರು ಅಯಸ್ಕಾಂತಕ್ಕೆ ಕ್ವಾಂಟಂ ವಿವರಣೆ ಕೊಟ್ಟಾಗ, ಈಸಿಂಗ್ ಅವರ ದಾರಿ ಫಲಿಸಲಿಲ್ಲವೆಂಬುದನ್ನು ಉಲ್ಲೇಖಿಸಿ ಮುಂದೆ ಸಾಗಿದರು.

ಪಾಠಶಾಲೆಯ ದಾರಿ

ಪದವಿಯ ನಂತರ ಈಸಿಂಗ್ ಅವರು ಬರ್ಲಿನ್‌ನ ಒಂದು ದೊಡ್ಡ ವಿದ್ಯುತ್ ಕಂಪೆನಿಯ ಪೇಟೆಂಟ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಸಂಬಳವಿತ್ತು, ತೃಪ್ತಿ ಇರಲಿಲ್ಲ. ಅವರ ಮನಸ್ಸು ಪಾಠ ಹೇಳುವುದರಲ್ಲಿತ್ತು. ಆ ಕೆಲಸ ಬಿಟ್ಟು, ಮತ್ತೆ ವಿದ್ಯಾರ್ಥಿಯಾಗಿ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರವನ್ನೂ ಶಿಕ್ಷಣಶಾಸ್ತ್ರವನ್ನೂ ಓದಿ, 1930ರಲ್ಲಿ ಅಧ್ಯಾಪಕ ಪರೀಕ್ಷೆ ತೇರ್ಗಡೆಯಾದರು. ಡಾಕ್ಟರೇಟ್ ಪಡೆದವರೊಬ್ಬರು ಶಾಲಾ ಮಾಸ್ತರಿಕೆಗಾಗಿ ಮತ್ತೆ ಪರೀಕ್ಷೆಗೆ ಕುಳಿತರು ಎಂಬುದನ್ನು ನೀವು ಗಮನಿಸಬೇಕು. ಅದೇ ವರ್ಷ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದ ಯೋಹಾನಾ ಏಮರ್ ಅವರೊಂದಿಗೆ ಅವರ ವಿವಾಹವಾಯಿತು.

ನೆಮ್ಮದಿಯ ದಿನಗಳು ಮೂರೇ ವರ್ಷ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಯಹೂದಿಗಳು ಸರಕಾರಿ ಹುದ್ದೆಯಲ್ಲಿ ಇರಕೂಡದೆಂಬ ಕಾನೂನು ಬಂತು. ಈಸಿಂಗ್ ಅವರನ್ನು ಕೆಲಸದಿಂದ ತೆಗೆದುಹಾಕಲಾಯಿತು. ಅವರ ಪಾಠದಲ್ಲಿ ಕೊರತೆ ಕಂಡವರು ಯಾರೂ ಇರಲಿಲ್ಲ. ಕೊರತೆ ಕಂಡದ್ದು ಹುಟ್ಟಿನಲ್ಲಿ.

ಆಗ ಅವರಿಗೆ ಆಸರೆಯಾದದ್ದು ಪಾಟ್ಸ್‌ಡ್ಯಾಮ್ ಬಳಿಯ ಕಾಪುಟ್ ಎಂಬ ಹಳ್ಳಿಯ ಒಂದು ವಸತಿಶಾಲೆ. ಗೆರ್ಟ್ರೂಡ್ ಫೈಯರ್‌ಟಾಗ್ ಎಂಬ ಮಹಿಳೆ 1931ರಲ್ಲಿ ಅದನ್ನು ಯಹೂದಿ ಮಕ್ಕಳಿಗಾಗಿ ಆರಂಭಿಸಿದ್ದರು. ಮೊದಲಿಗೆ ಅದು ಚಿಕ್ಕ ಮಕ್ಕಳ ಆರೈಕೆಯ ಮನೆಯಂತಿತ್ತು. ಸರಕಾರಿ ಶಾಲೆಗಳ ಬಾಗಿಲು ಒಂದೊಂದಾಗಿ ಮುಚ್ಚುತ್ತಾ ಹೋದಂತೆ, ಮಕ್ಕಳು ಇಲ್ಲಿಗೆ ಬಂದು ಸೇರತೊಡಗಿದರು. ಕೆಲಸ ಕಳೆದುಕೊಂಡ ಅಧ್ಯಾಪಕರು, ಶಾಲೆ ಕಳೆದುಕೊಂಡ ಮಕ್ಕಳು. ಇಬ್ಬರಿಗೂ ಆ ಮನೆ ನೆರಳಾಯಿತು. ಈಸಿಂಗ್ ಅವರು 1934ರಲ್ಲಿ ಅಲ್ಲಿಗೆ ಬಂದರು. ಅದೇ ಊರಿನಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಅವರ ಬೇಸಿಗೆ ಮನೆಯೂ ಇತ್ತು. ಐನ್‌ಸ್ಟೈನ್ 1932ರ ಕೊನೆಯಲ್ಲಿ ದೇಶ ಬಿಟ್ಟ ಮೇಲೆ, ಮಕ್ಕಳ ಸಂಖ್ಯೆ ಹೆಚ್ಚಿ ಜಾಗ ಸಾಲದಾದಾಗ, ಆ ಮನೆಯನ್ನೂ ಶಾಲೆ ಬಳಸಿಕೊಂಡಿತು. ಸಾಪೇಕ್ಷತಾ ಸಿದ್ಧಾಂತದ ಒಡೆಯ ಕುಳಿತು ಬರೆಯುತ್ತಿದ್ದ ಕೋಣೆಗಳಲ್ಲಿ ಮಕ್ಕಳ ಪಾಠ ನಡೆಯಿತು.

ಕತ್ತಲಿನ ವರ್ಷಗಳು

1938ರ ನವೆಂಬರ್ 9 ಮತ್ತು 10ರಂದು ಜರ್ಮನಿಯಾದ್ಯಂತ ಯಹೂದಿಗಳ ಮನೆ, ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ನವೆಂಬರ್ 10ರಂದು ಕಾಪುಟ್‌ನ ಶಾಲೆಯನ್ನೂ ಧ್ವಂಸ ಮಾಡಲಾಯಿತು. ಮಕ್ಕಳು ಓಡಿಹೋದರು, ಶಾಲೆ ಶಾಶ್ವತವಾಗಿ ಮುಚ್ಚಿತು. ಅದನ್ನು ಕಟ್ಟಿ ಬೆಳೆಸಿದ ಗೆರ್ಟ್ರೂಡ್ ಫೈಯರ್‌ಟಾಗ್ ಅವರು 1943ರಲ್ಲಿ ಔಷ್‌ವಿಟ್ಜ್ ಶಿಬಿರದಲ್ಲಿ ಪ್ರಾಣ ಕಳೆದುಕೊಂಡರು.

ಈಸಿಂಗ್ ದಂಪತಿ 1939ರ ಆರಂಭದಲ್ಲಿ ಪಕ್ಕದ ಪುಟ್ಟ ದೇಶ ಲಕ್ಸೆಂಬರ್ಗ್‌ಗೆ ಹೋದರು. ಅಲ್ಲಿಂದ ಅಮೆರಿಕಕ್ಕೆ ಹೋಗುವುದು ಅವರ ಉದ್ದೇಶ. ವೀಸಾ ಸಿಗುವವರೆಗೆ ಕಾಯಬೇಕಿತ್ತು. ಅಲ್ಲಿಯೇ ಅವರಿಗೊಬ್ಬ ಮಗ ಹುಟ್ಟಿದ. ಕಾಯುತ್ತಿರುವಾಗಲೇ, 1940ರ ಮೇ 10ರಂದು ಜರ್ಮನಿಯ ಸೇನೆ ಲಕ್ಸೆಂಬರ್ಗ್‌ಗೆ ನುಗ್ಗಿತು. ಅಂದು ಈಸಿಂಗ್ ಅವರಿಗೆ ಸರಿಯಾಗಿ ನಲವತ್ತು ವರ್ಷ ತುಂಬಿದ ದಿನ.

ಮುಂದಿನ ನಾಲ್ಕು ವರ್ಷ ಅವರು ಹೊಟ್ಟೆಪಾಡಿಗೆ ಸಿಕ್ಕ ಕೆಲಸ ಮಾಡಿದರು. ಕುರಿ ಕಾಯ್ದರು. ರೈಲು ಮಾರ್ಗದಲ್ಲಿ ಕೂಲಿ ಮಾಡಿದರು. 1943ರಿಂದ ಜರ್ಮನ್ ಸೇನೆ ಅವರನ್ನು ಬಲವಂತದ ದುಡಿಮೆಗೆ ಹಚ್ಚಿತು. ಫ್ರಾನ್ಸಿನ ಲೋರೇನ್ ಪ್ರಾಂತದಲ್ಲಿ ಮ್ಯಾಜಿನೋ ಕೋಟೆಸಾಲಿನ ರೈಲು ಹಳಿಗಳನ್ನು ಕೀಳುವ ಕೆಲಸ. ಪರಮಾಣುಗಳ ಸಾಲನ್ನು ಲೆಕ್ಕ ಹಾಕಿದ ಕೈಗಳು ಕಬ್ಬಿಣದ ಹಳಿಗಳನ್ನು ಹೊತ್ತವು. 1944ರ ಸೆಪ್ಟೆಂಬರ್‌ನಲ್ಲಿ ಮಿತ್ರಪಡೆಗಳು ಲಕ್ಸೆಂಬರ್ಗನ್ನು ಬಿಡುಗಡೆ ಮಾಡಿದಾಗ ಅವರು ಜೀವಂತವಾಗಿದ್ದರು. ಅದೇ ದೊಡ್ಡ ಸಂಗತಿ.

ತಿಳಿಯದೆ ಬೆಳೆದ ಹೆಸರು

ಈ ನಡುವೆ ಹೊರಗಿನ ಜಗತ್ತಿನಲ್ಲಿ ಬೇರೊಂದು ಕಥೆ ನಡೆಯುತ್ತಿತ್ತು. 1936ರಲ್ಲಿ, ಜರ್ಮನಿ ಬಿಟ್ಟು ಇಂಗ್ಲೆಂಡ್ ಸೇರಿದ್ದ ರುಡಾಲ್ಫ್ ಪೈಯರ್ಲ್ಸ್ ಎಂಬ ವಿಜ್ಞಾನಿ ಆ ಹಳೆಯ ಲೇಖನವನ್ನು ಮತ್ತೆ ಕೈಗೆತ್ತಿಕೊಂಡರು. ಅದನ್ನು ಈಸಿಂಗ್ ಮಾದರಿ ಎಂದು ಕರೆದವರೂ ಅವರೇ. ಬಾಣಗಳನ್ನು ಸಾಲಿನ ಬದಲು ಚದುರಂಗದ ಹಾಸಿನಂತೆ ಹರಡಿದರೆ ಉತ್ತರ ಬದಲಾಗುತ್ತದೆಂದು ಅವರು ತೋರಿಸಿದರು.

ಮತ್ತೆ ಶಾಲೆಗೇ ಬರೋಣ. ಅದೇ ಮಕ್ಕಳು ಈಗ ಮೈದಾನದಲ್ಲಿ ಚೌಕಾಕಾರವಾಗಿ ನಿಂತಿದ್ದಾರೆ. ಪ್ರತಿಯೊಬ್ಬರಿಗೂ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಹೀಗೆ ನಾಲ್ವರು ನೆರೆಯವರು. ಒಬ್ಬ ಮೈಮರೆತು ಎಡಗೈ ಎತ್ತಿದರೆ ನಾಲ್ವರು ಬಲಗೈಯವರನ್ನು ನೋಡಿ ಅವನೇ ತಿದ್ದಿಕೊಳ್ಳುತ್ತಾನೆ. ತಪ್ಪು ಹರಡಬೇಕಾದರೆ ಒಂದು ಇಡೀ ಗುಂಪೇ ತಪ್ಪಬೇಕು. ಗುಂಪು ದೊಡ್ಡದಾದಷ್ಟೂ ಅದರ ಗಡಿ ಉದ್ದವಾಗುತ್ತದೆ, ಗಡಿಯುದ್ದಕ್ಕೂ ಶಕ್ತಿ ವ್ಯಯವಾಗುತ್ತದೆ. ಆದ್ದರಿಂದ ಬಿಸಿ ಕಡಿಮೆಯಿದ್ದಾಗ ಶಿಸ್ತೇ ಗೆಲ್ಲುತ್ತದೆ. ಅಯಸ್ಕಾಂತ ಹುಟ್ಟುತ್ತದೆ.

1944ರಲ್ಲಿ ಅಮೆರಿಕದಲ್ಲಿದ್ದ ನಾರ್ವೆ ಮೂಲದ ಲಾರ್ಸ್ ಒನ್ಸಾಗರ್ ಅವರು ಈ ಚೌಕದ ಲೆಕ್ಕವನ್ನು ಕಿಂಚಿತ್ತೂ ಅಂದಾಜಿಲ್ಲದೆ ಸಂಪೂರ್ಣವಾಗಿ ಬಿಡಿಸಿದರು. ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರದ ದೊಡ್ಡ ಸಾಧನೆಗಳಲ್ಲಿ ಅದೂ ಒಂದು. ವಸ್ತುವೊಂದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೇಗೆ ಜಿಗಿಯುತ್ತದೆ ಎಂಬುದನ್ನು ಮೊದಲ ಸಲ ಅಷ್ಟು ನಿಖರವಾಗಿ ನೋಡಲು ಸಾಧ್ಯವಾಯಿತು. ಮೂರು ಆಯಾಮದ ಲೆಕ್ಕಕ್ಕೆ ಅಂತಹ ಪೂರ್ಣ ಉತ್ತರ ಇಂದಿಗೂ ದೊರೆತಿಲ್ಲ. ಗಣಕಯಂತ್ರಗಳಿಂದ ಬಹು ನಿಖರವಾದ ಅಂದಾಜು ಮಾತ್ರ ಸಿಕ್ಕಿದೆ. ಒನ್ಸಾಗರ್ ಅವರ ಲೇಖನ ಅಚ್ಚಾದ ವರ್ಷ ಈಸಿಂಗ್ ಅವರ ಕೈಯಲ್ಲಿ ಇದ್ದದ್ದು ಲೇಖನಿಯಲ್ಲ, ಹಳಿ ಕೀಳುವ ಹಾರೆ.

ಅಮೆರಿಕದ ತರಗತಿಯಲ್ಲಿ

1947ರ ಏಪ್ರಿಲ್‌ನಲ್ಲಿ ಈಸಿಂಗ್ ಕುಟುಂಬ ಸರಕು ಸಾಗಿಸುವ ಹಡಗೊಂದನ್ನು ಹತ್ತಿ ಅಮೆರಿಕಕ್ಕೆ ಹೊರಟಿತು. ಮೊದಲ ಒಂದು ವರ್ಷ ನಾರ್ತ್ ಡಕೋಟಾ ರಾಜ್ಯದ ಮೈನಾಟ್ ಪಟ್ಟಣದ ಶಿಕ್ಷಕರ ಕಾಲೇಜಿನಲ್ಲಿ ಪಾಠ ಹೇಳಿದರು. 1948ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿರುವ ಬ್ರ್ಯಾಡ್ಲಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು.

ತಮ್ಮ ಹೆಸರಿನ ಮಾದರಿಯೊಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ ಎಂಬುದು ಅವರಿಗೆ ಗೊತ್ತಾದದ್ದು 1949ರಲ್ಲಿ, ವೈಜ್ಞಾನಿಕ ಪತ್ರಿಕೆಗಳನ್ನು ಓದುವಾಗ. ಪ್ರಬಂಧ ಬರೆದು ಆಗಲೇ 25 ವರ್ಷ ಕಳೆದಿತ್ತು! ಬೇರೆ ಯಾರಾದರೂ ಆಗಿದ್ದರೆ ಆ ಕೀರ್ತಿಯ ಬೆನ್ನು ಹತ್ತಿ ಓಡುತ್ತಿದ್ದರೇನೋ. ಈಸಿಂಗ್ ಅವರು ಹಾಗೆ ಮಾಡಲಿಲ್ಲ. ಸಂಶೋಧನೆಗೆ ಮರಳದೆ 1976ರಲ್ಲಿ ನಿವೃತ್ತರಾಗುವವರೆಗೂ ಮಕ್ಕಳಿಗೆ ಪಾಠ ಹೇಳುವುದರಲ್ಲೇ ತೊಡಗಿದರು. ತರಗತಿಯಲ್ಲಿ ಪ್ರಯೋಗ ಮಾಡಿ ತೋರಿಸುವುದು ಅವರಿಗೆ ಬಹಳ ಇಷ್ಟದ ಕೆಲಸವಾಗಿತ್ತು. 1998ರ ಮೇ 11ರಂದು, 98 ವರ್ಷ ತುಂಬಿದ ಮರುದಿನ, ಅವರು ಪಿಯೋರಿಯಾದಲ್ಲಿ ತೀರಿಕೊಂಡರು. ಕಷ್ಟದ ದಿನಗಳಲ್ಲೆಲ್ಲ ಜೊತೆ ನಿಂತ ಪತ್ನಿ ನೂರು ವರ್ಷ ದಾಟಿ ಬಾಳಿದರು.

ತಣ್ಣನೆಯ ಪರಮಾಣುಗಳು ಹೇಳಿದ ಉತ್ತರ

ವಿದ್ಯಾರ್ಥಿ ಮಿತ್ರರೇ, ವ್ಯಕ್ತಿಯ ಜೀವನ ಇಲ್ಲಿಗೆ ಮುಗಿಯಿತು. ಪ್ರಶ್ನೆಯ ಜೀವನ ಮುಗಿದಿರಲಿಲ್ಲ.

ಈಸಿಂಗ್ ಅವರ ಬಾಣಗಳು ಕಾಗದದ ಮೇಲಿನವು. ನಿಜವಾದ ಪರಮಾಣುಗಳು ಕ್ವಾಂಟಂ ನಿಯಮಕ್ಕೆ ಒಳಪಟ್ಟವು. ಅಲ್ಲಿ ಒಂದು ಬಾಣ ಮೇಲೆಯೂ ಕೆಳಗೂ ಎರಡೂ ಸಾಧ್ಯತೆಗಳನ್ನು ಒಟ್ಟಿಗೇ ಹೊತ್ತಿರಬಲ್ಲದು. ಹತ್ತು ಬಾಣಗಳಿದ್ದರೆ 1024 ಸಾಧ್ಯತೆಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುನ್ನೂರು ಬಾಣಗಳಾದರೆ ಆ ಸಂಖ್ಯೆ, ನಮಗೆ ಕಾಣುವ ಇಡೀ ವಿಶ್ವದಲ್ಲಿರುವ ಪರಮಾಣುಗಳ ಸಂಖ್ಯೆಯನ್ನೂ ಮೀರುತ್ತದೆ. ಯಾವ ಸೂಪರ್ ಕಂಪ್ಯೂಟರ್ ಕೂಡ ಅಷ್ಟನ್ನು ಒಂದೊಂದಾಗಿ ಬರೆದಿಟ್ಟುಕೊಳ್ಳಲಾರದು. ಹಾಗಾದರೆ ದಾರಿ ಯಾವುದು? ರಿಚರ್ಡ್ ಫೈನ್‌ಮನ್ ಎಂಬ ಅಮೆರಿಕದ ವಿಜ್ಞಾನಿ 1981ರಲ್ಲಿ ಒಂದು ದಾರಿ ಸೂಚಿಸಿದರು. ಕ್ವಾಂಟಂ ಲೆಕ್ಕವನ್ನು ಕ್ವಾಂಟಂ ವಸ್ತುವಿನಿಂದಲೇ ಮಾಡಿಸಬೇಕು. ಅಂದರೆ ಪರಮಾಣುಗಳನ್ನು ನಾವು ಬಯಸಿದಂತೆ ಜೋಡಿಸಿ, ಅವು ಏನು ಮಾಡುತ್ತವೆಂದು ಕಣ್ಣಾರೆ ನೋಡಬೇಕು.

ಕಬ್ಬಿಣದ ತುಂಡಿನಲ್ಲಿಯೇ ಇದನ್ನು ಏಕೆ ನೋಡಬಾರದು ಎಂದು ನೀವು ಕೇಳಬಹುದು. ಅಲ್ಲಿ ಪರಮಾಣುಗಳು ತೀರಾ ಒತ್ತೊತ್ತಾಗಿವೆ, ಅವುಗಳ ಚಲನೆ ತೀರಾ ವೇಗ. ಆದ್ದರಿಂದ ವಿಜ್ಞಾನಿಗಳು ಬೆಳಕಿನಿಂದಲೇ ಒಂದು ಹರಳನ್ನು ಕಟ್ಟಿದರು.

ಮೊದಲ ಕೆಲಸ ತಂಪು ಮಾಡುವುದು. ಎಲ್ಲ ದಿಕ್ಕುಗಳಿಂದ ಲೇಸರ್ ಕಿರಣ ಹಾಯಿಸಿ ಓಡುವ ಪರಮಾಣುಗಳನ್ನು ತಡೆದು ನಿಧಾನಗೊಳಿಸುತ್ತಾರೆ. ಈ ವಿಧಾನಕ್ಕೆ 1997ರ ನೊಬೆಲ್ ಪ್ರಶಸ್ತಿ ಬಂತು. ಆಮೇಲೆ ಹೆಚ್ಚು ಬಿಸಿಯಾದ ಪರಮಾಣುಗಳನ್ನು ಹೊರಹೋಗಲು ಬಿಡುತ್ತಾರೆ. ಬಸಿಗೆ ಸುರಿದ ಚಹಾ ಹಬೆ ಬಿಟ್ಟು ಆರುವ ಹಾಗೆ ಉಳಿದವು ಇನ್ನಷ್ಟು ತಣ್ಣಗಾಗುತ್ತವೆ. ಹೀಗೆ 1995ರಲ್ಲಿ ಅಮೆರಿಕದ ಬೋಲ್ಡರ್‌ನಲ್ಲಿ ರುಬಿಡಿಯಂ ಪರಮಾಣುಗಳನ್ನು ಪರಮಶೂನ್ಯ ಉಷ್ಣತೆಗೆ, ಅಂದರೆ ಮೈನಸ್ 273.15 ಡಿಗ್ರಿಗೆ, ಒಂದು ಡಿಗ್ರಿಯ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಹತ್ತಿರ ಒಯ್ದರು. ಆಗ ಅವೆಲ್ಲ ಒಂದೇ ಅಲೆಯಂತೆ ವರ್ತಿಸಿದವು. ಇಂತಹ ಸ್ಥಿತಿಯ ಕಲ್ಪನೆಯ ಮೂಲದಲ್ಲಿ ನಮ್ಮವರೇ ಒಬ್ಬರಿದ್ದಾರೆ ಎಂಬುದು ನಿಮಗೆ ತಿಳಿದಿರಲಿ. ಢಾಕಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸ್ ಅವರು 1924ರಲ್ಲಿ ಐನ್‌ಸ್ಟೈನ್‌ಗೆ ಕಳಿಸಿದ ಲೇಖನವೇ ಅದರ ಬೀಜ. ಈಸಿಂಗ್ ಪ್ರಬಂಧ ಮುಗಿದದ್ದೂ ಅದೇ ವರ್ಷ.

ಎರಡನೆಯ ಕೆಲಸ ಜೋಡಿಸುವುದು. ಎದುರುಬದುರಾಗಿ ಬರುವ ಲೇಸರ್ ಕಿರಣಗಳು ಕೂಡಿದಾಗ ಬೆಳಕಿನಲ್ಲಿ ಸಾಲುಸಾಲಾಗಿ ಗುಳಿಗಳು ಏರ್ಪಡುತ್ತವೆ. ಅಂಗಡಿಯಲ್ಲಿ ಮೊಟ್ಟೆ ಜೋಡಿಸುವ ಟ್ರೇಯನ್ನು ನೆನೆದುಕೊಳ್ಳಿ. ಒಂದೊಂದು ಗುಳಿಯಲ್ಲಿ ಒಂದೊಂದು ಪರಮಾಣು ಕುಳಿತುಕೊಳ್ಳುತ್ತದೆ. ಗುಳಿಯಿಂದ ಗುಳಿಗೆ ಇರುವ ದೂರ ಕಬ್ಬಿಣದ ಪರಮಾಣುಗಳ ನಡುವಿನ ದೂರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. 2009ರ ವೇಳೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಗುಳಿಗಳಲ್ಲಿ ಕುಳಿತ ಒಂದೊಂದು ಪರಮಾಣುವನ್ನೂ ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ನೋಡಬಲ್ಲವರಾದರು.

2011ರಲ್ಲಿ ಅದೇ ಹಾರ್ವರ್ಡ್ ತಂಡ ಈಸಿಂಗ್ ಅವರ ಸಾಲನ್ನೇ ರುಬಿಡಿಯಂ ಪರಮಾಣುಗಳಿಂದ ಕಟ್ಟಿತು. ಪರಮಾಣು ತನ್ನ ಗುಳಿಯಲ್ಲೇ ಉಳಿದರೆ ಒಂದು ದಿಕ್ಕಿನ ಬಾಣ, ಪಕ್ಕದ ಗುಳಿಗೆ ಜಿಗಿದರೆ ಇನ್ನೊಂದು ದಿಕ್ಕಿನ ಬಾಣ ಎಂದು ಲೆಕ್ಕ. ಬೆಳಕಿನ ಟ್ರೇಯನ್ನು ಮೆಲ್ಲನೆ ಓರೆ ಮಾಡುತ್ತಾ ಹೋದಾಗ, ಒಂದು ಹಂತದಲ್ಲಿ ಸಾಲಿನ ಸ್ವರೂಪವೇ ಬದಲಾಯಿತು. ಒಂದು ಮೇಲೆ, ಒಂದು ಕೆಳಗೆ, ಮತ್ತೊಂದು ಮೇಲೆ, ಮತ್ತೊಂದು ಕೆಳಗೆ ಎಂಬಂತೆ ಪರಮಾಣುಗಳು ತಮ್ಮನ್ನು ತಾವೇ ಜೋಡಿಸಿಕೊಂಡವು. ನೆರೆಯವನಿಗೆ ವಿರುದ್ಧವಾಗಿ ನಿಲ್ಲುವ ಈ ಕ್ರಮವೂ ಕಾಂತತೆಯ ಒಂದು ಬಗೆ. ಹೊರಗೆ ಸೆಳೆತ ಕಾಣದಿದ್ದರೂ ಒಳಗೆ ಕಟ್ಟುನಿಟ್ಟಾದ ಶಿಸ್ತಿರುತ್ತದೆ. ಅದನ್ನು ವಿವರಿಸಿದ ಫ್ರಾನ್ಸಿನ ಲೂಯಿ ನೀಲ್ ಅವರಿಗೆ 1970ರಲ್ಲಿ ನೊಬೆಲ್ ಪ್ರಶಸ್ತಿ ದೊರೆತಿತ್ತು.

ಹಾಗಾದರೆ ಸಾಲಿನಲ್ಲಿ ಶಿಸ್ತು ನಿಲ್ಲದು ಎಂದ ಈಸಿಂಗ್ ಅವರ ಲೆಕ್ಕ ಸುಳ್ಳಾಯಿತೇ? ಇಲ್ಲ. ಅವರು ಲೆಕ್ಕ ಹಾಕಿದ್ದು ಶಾಖ ಕೆಡಿಸುವ ಸಾಲನ್ನು. ಶಾಖವನ್ನು ಇಲ್ಲವೆನ್ನುವಷ್ಟು ತಗ್ಗಿಸಿದರೆ ಮೈಮರೆಯುವ ಹುಡುಗನೇ ಸಾಲಿನಲ್ಲಿ ಇರುವುದಿಲ್ಲ. ಆಗ ಶಿಸ್ತನ್ನು ಕೆಡಿಸಬಲ್ಲದ್ದು ಕ್ವಾಂಟಂ ಚಂಚಲತೆ ಒಂದೇ. ಆ ಚಂಚಲತೆ ಹೆಚ್ಚಿದ್ದರೆ ಸಾಲು ಚದುರುತ್ತದೆ, ತಗ್ಗಿದರೆ ಕೂಡುತ್ತದೆ. ಕಾಗದದ ಮೇಲೆ ಬರಡಾಗಿ ಕಂಡಿದ್ದ ಸಾಲಿನೊಳಗೆ ಇಂತಹ ತಿರುವು ಅಡಗಿತ್ತು. ಅದನ್ನು ನೋಡಲು ಸಾಕಷ್ಟು ತಣ್ಣಗಿನ ಪರಮಾಣುಗಳು ಬೇಕಿದ್ದವು, ಅಷ್ಟೇ.

ಆಮೇಲಿನ ಪ್ರಗತಿ ವೇಗವಾಗಿ ನಡೆಯಿತು. 2017ರಲ್ಲಿ ಹಾರ್ವರ್ಡ್‌ನಲ್ಲಿ ಲಿಥಿಯಂ ಪರಮಾಣುಗಳನ್ನು ಸುಮಾರು 80 ಗುಳಿಗಳ ಹಾಸಿನಲ್ಲಿ ಕೂರಿಸಿದಾಗ, ಒಂದು ಬಿಟ್ಟು ಒಂದು ವಿರುದ್ಧ ದಿಕ್ಕಿಗೆ ನಿಲ್ಲುವ ಕ್ರಮ ಹಾಸಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಬ್ಬಿತು. 2021ರಲ್ಲಿ ಫ್ರಾನ್ಸಿನ ತಂಡವೊಂದು 196 ಪರಮಾಣುಗಳವರೆಗೆ, ಹಾರ್ವರ್ಡ್‌ನ ತಂಡವೊಂದು 256 ಪರಮಾಣುಗಳವರೆಗೆ ಲೇಸರ್ ಚಿಮಟಗಳಿಂದ ಹಿಡಿದು ನಿಲ್ಲಿಸಿ ಈಸಿಂಗ್ ಮಾದರಿಯ ಕಾಂತಕ್ರಮಗಳನ್ನು ಪರೀಕ್ಷಿಸಿದವು.

ಇದರಿಂದ ಪ್ರಯೋಜನವೇನು? ಕೆಲವು ತಾಮ್ರ ಮಿಶ್ರಿತ ವಸ್ತುಗಳಿವೆ. ಚೆನ್ನಾಗಿ ತಣ್ಣಗಾಗಿಸಿದರೆ ಅವುಗಳಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ, ಅಂದರೆ ನಷ್ಟವಿಲ್ಲದೆ ಹರಿಯುತ್ತದೆ. ಆ ವಸ್ತುಗಳ ಮೂಲ ರೂಪದಲ್ಲಿ ಇರುವುದು ಇದೇ ಒಂದು ಬಿಟ್ಟು ಒಂದು ಎಂಬ ಕಾಂತಕ್ರಮ. ಅದರಲ್ಲಿ ಅಲ್ಲಲ್ಲಿ ಖಾಲಿ ಜಾಗ ಮಾಡಿದಾಗ ಆ ಗುಣ ಹೇಗೆ ಹುಟ್ಟುತ್ತದೆ ಎಂಬುದು 1986ರಿಂದ ವಿಜ್ಞಾನಿಗಳನ್ನು ಕಾಡುತ್ತಿರುವ ಒಗಟು. ಬೆಳಕಿನ ಹಾಸಿನಿಂದ ಒಂದೆರಡು ಪರಮಾಣು ತೆಗೆದು, ಉಳಿದವು ಹೇಗೆ ಹೊಂದಿಕೊಳ್ಳುತ್ತವೆಂದು ನೋಡುವುದು ಆ ಒಗಟನ್ನು ಬಿಡಿಸುವ ಒಂದು ದಾರಿ. ಇಷ್ಟಕ್ಕೇ ಮುಗಿಯಲಿಲ್ಲ. ನೆರೆಹೊರೆಯ ಪ್ರಭಾವದಿಂದ ಸಮೂಹದ ನಡತೆ ಹೇಗೆ ರೂಪುಗೊಳ್ಳುತ್ತದೆ ಎಂಬ ಈ ಲೆಕ್ಕ ಮಿದುಳಿನ ನರಕೋಶಗಳ ಅಧ್ಯಯನಕ್ಕೂ ಬಂತು. ಅಯಸ್ಕಾಂತದ ಮಾದರಿಯನ್ನು ನೆನಪಿನ ಶಕ್ತಿಗೆ ಅನ್ವಯಿಸಿ 1982ರಲ್ಲಿ ಲೇಖನ ಬರೆದ ಜಾನ್ ಹಾಪ್‌ಫೀಲ್ಡ್ ಅವರಿಗೆ 2024ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ನಾವು ಕಲಿಯಬೇಕಾದದ್ದು

ಈ ಜೀವನದಿಂದ ನೀವು ಎರಡು ಸಂಗತಿಗಳನ್ನು ನೆನಪಿಟ್ಟುಕೊಂಡರೆ ಲೇಖನದ ಶ್ರಮ ಸಾರ್ಥಕ.

ಮೊದಲನೆಯದು, ಉತ್ತರ ಆಗದು ಎಂದು ಬಂದರೆ ಅದನ್ನು ಮುಚ್ಚಿಡಬೇಡಿ. ಈಸಿಂಗ್ ಅವರು ತಮ್ಮ ಲೆಕ್ಕ ಎಲ್ಲಿಗೆ ತಂದು ನಿಲ್ಲಿಸಿತೋ ಅದನ್ನೇ ಬರೆದರು. ಅಯಸ್ಕಾಂತ ಹುಟ್ಟಿತೆಂದು ತೋರಿಸಲು ಅಂಕಿಗಳನ್ನು ತಿರುಚಲಿಲ್ಲ. ಅವರ ಸರಿಯಾದ ಭಾಗ ಬುನಾದಿಯಾಯಿತು, ತಪ್ಪಾದ ಭಾಗವನ್ನು ಇತರರು ತಿದ್ದಿದರು. ಲೆಕ್ಕ ಬಿಚ್ಚಿಟ್ಟಿದ್ದರಿಂದಲೇ ತಿದ್ದಲು ಸಾಧ್ಯವಾಯಿತು. ಪ್ರಯೋಗಾಲಯದಲ್ಲಿ ಪುಸ್ತಕದ ಉತ್ತರ ಬರಲಿಲ್ಲವೆಂದು ಪಕ್ಕದವರ ರೆಕಾರ್ಡ್ ಬುಕ್ ನೋಡಿ ಬರೆಯುವಾಗ ಇದನ್ನೊಮ್ಮೆ ನೆನೆಯಿರಿ.

ಎರಡನೆಯದು ಹಿರಿಯ ಸದಸ್ಯರಿಗೂ ಸೇರಿದ್ದು. ಮನೆ, ಹುದ್ದೆ, ದೇಶ ಎಲ್ಲವೂ ಕೈತಪ್ಪಿದ ಕಾಲದಲ್ಲಿ ಒಬ್ಬ ಮಹಿಳೆ ಕಟ್ಟಿದ ಪುಟ್ಟ ಶಾಲೆ ಈಸಿಂಗ್ ಅವರನ್ನು ಅಧ್ಯಾಪಕರಾಗಿ ಉಳಿಸಿತು, ನೂರಾರು ಮಕ್ಕಳನ್ನು ವಿದ್ಯಾರ್ಥಿಗಳಾಗಿ ಉಳಿಸಿತು. ಆ ಶಾಲೆ ನಿಂತದ್ದು ಏಳೇ ವರ್ಷ. ಆದರೂ ಅಲ್ಲಿ ಕಲಿತ ಅಕ್ಷರವನ್ನು ದಾಳಿ ಮಾಡಿದವರು ಕಿತ್ತುಕೊಳ್ಳಲಾಗಲಿಲ್ಲ. ಶಾಲೆ ನಡೆಸುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆ ಬೇಕೇ?

ಇನ್ನೊಮ್ಮೆ ದಿಕ್ಸೂಚಿ ಕೈಗೆತ್ತಿಕೊಂಡಾಗ ಮುಳ್ಳನ್ನು ತುಸು ಹೊತ್ತು ನೋಡಿ. ಅದರೊಳಗಿನ ಪರಮಾಣುಗಳು ನೆರೆಯವರನ್ನು ನೋಡಿ ನಿಂತಿವೆ. ಸಾಲಿನಲ್ಲಿ ಒಬ್ಬನ ತಪ್ಪು ಎಲ್ಲರನ್ನೂ ತಿರುಗಿಸಿತು, ಮೈದಾನದಲ್ಲಿ ನಾಲ್ವರು ಸೇರಿ ಒಬ್ಬನನ್ನು ತಿದ್ದಿದರು. ನಿಮ್ಮ ನೆರೆಯವರು ಯಾರು, ನೀವು ಯಾರಿಗೆ ನೆರೆಯವರು ಎಂಬುದನ್ನು ನೀವೇ ಯೋಚಿಸಿ.